ಸೂಲಗಿತ್ತಿಯ ಹೆಬ್ಬೆಟ್ಟು

ಮುದಿತನದ ಬಗ್ಗೆ ಎರಡು ವರ್ಷ ಓದಿ ಎಂ.ಎ. ಮಾಡಿದವನು ನಾನು. ಓದಲು ಸೇರಿದಾಗ ನನಗೆ ಇಪ್ಪತ್ಮೂರು. ತಲೆಯಲ್ಲಿ ಒಂದೇ ಒಂದು ನರೆಗೂದಲಿರಲಿಲ್ಲ. ಈಗ ನಿಜವಾಗಿಯೂ ಮುದುಕನಾಗಿದ್ದೇನೆ, ಆ ಓದಿನ ಒಂದು ಸಾಲೂ ಉಪಯೋಗಕ್ಕೆ ಬರುತ್ತಿಲ್ಲ. ಮೊಣಕಾಲು ಯಾಕೆ ನೋಯುತ್ತದೆ ಎಂಬುದಕ್ಕೆ ನಮ್ಮ ಪಠ್ಯದಲ್ಲಿ ಮೂರು ಸಿದ್ಧಾಂತಗಳಿದ್ದವು. ಮೆಟ್ಟಿಲು ಹತ್ತುವಾಗ ಮೂರೂ ಕೈಕೊಡುತ್ತವೆ.

ವಿಶ್ವವಿದ್ಯಾನಿಲಯ ಯಾವುದೆಂದು ಹೇಳುವುದಿಲ್ಲ. ಎಪ್ಪತ್ತರ ದಶಕದ ನಡುವೆ ಅಲ್ಲಿ ‘ವಾರ್ಧಕ್ಯ ಅಧ್ಯಯನ’ ಎಂಬ ಹೊಸ ಕೋರ್ಸು ಶುರುವಾಯಿತು. ಅದು ಅಂತರಶಿಸ್ತೀಯ ಎಂದು ಫಲಕದಲ್ಲೇ ಬರೆಸಿದ್ದರು. ಸಮಾಜಶಾಸ್ತ್ರದವರು ಒಬ್ಬರು, ವೈದ್ಯರು ಒಬ್ಬರು, ಅರ್ಥಶಾಸ್ತ್ರದವರು ಒಬ್ಬರು, ಮನಶ್ಶಾಸ್ತ್ರದವರು ಒಬ್ಬರು ಬಂದು ಪಾಠ ಮಾಡುತ್ತಿದ್ದರು. ಅವರಲ್ಲಿ ಅಂತರವಂತೂ ಇತ್ತು, ಶಿಸ್ತು ನಮಗೆ ಕಾಣಲಿಲ್ಲ. ಬಂದ ಪ್ರತಿಯೊಬ್ಬರೂ ಉಳಿದ ಮೂವರು ಹೇಳುವುದೆಲ್ಲ ಬೊಗಳೆ ಎಂದು ಹೇಳಿ ಹೋಗುತ್ತಿದ್ದರು. ಅವರ ಮಾತುಗಳಲ್ಲಿ ನಾವು ಮನಃಪೂರ್ವಕವಾಗಿ ನಂಬಿದ್ದು ಇದೊಂದನ್ನೇ. ವಿದ್ಯಾರ್ಥಿಗಳು ಏಳು ಜನ, ಏಳೂ ಜನ ಬೇರೆ ಕಡೆ ಸೀಟು ಸಿಗದವರು.

ನಮ್ಮದು ಹೊಳಲ್ಕೆರೆ ಕಡೆಯ ಹಳ್ಳಿ, ಕುರಿ ಕಾಯುವ ಮನೆತನ. ನಾನು ಏನು ಓದುತ್ತಿದ್ದೇನೆಂದು ನಮ್ಮ ಅಜ್ಜ ಕೇಳಿದಾಗ, ಮನುಷ್ಯರು ಹೇಗೆ ಮುದುಕರಾಗುತ್ತಾರೆ ಅನ್ನೋದನ್ನ ಎಂದೆ. ಅಜ್ಜ ಕಂಬಳಿ ಸರಿಪಡಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಅದನ್ನ ಓದಬೇಕೇನಲೇ? ಸುಮ್ನೆ ಕುಂತ್ರೂ ಆಗ್ತಾರಲ್ಲ” ಎಂದ.

ಆ ನಾಲ್ವರು ವಿದ್ವಾಂಸರು ಸೇರಿ ಬರೆದ ಪಠ್ಯಕ್ಕಿಂತ ಈ ಮಾತು ಚಿಕ್ಕದಾಗಿತ್ತು, ಚೊಕ್ಕವಾಗಿತ್ತು. ಆದರೆ ನನಗೆ ಆಗ ಸಿಟ್ಟು ಬಂತು. ಮನೆಯಲ್ಲಿ ಬಿ.ಎ. ದಾಟಿದವನು ನಾನೊಬ್ಬನೇ, ಅಜ್ಜನಿಗೆ ಏನು ಗೊತ್ತು ಅಂದುಕೊಂಡೆ.

ನಮ್ಮ ವಿಭಾಗದ ಮುಖ್ಯಸ್ಥರೇ ನನ್ನ ಪ್ರಬಂಧಕ್ಕೆ ಗೈಡು. ಮಲ್ಲಿನ ಪಂಚೆ, ಮೇಲೆ ಕೋಟು, ಮಾತಾಡುವಾಗ ಕಣ್ಣು ಅರ್ಧ ಮುಚ್ಚುತ್ತಿದ್ದರು. ಅವರದೊಂದು ಪ್ರಸಿದ್ಧ ಉಪನ್ಯಾಸವಿತ್ತು. ವಾರ್ಧಕ್ಯವೆಂದರೆ ಸಂತೋಷದಿಂದ ಹಿಂದೆ ಸರಿಯುವ ಕಲೆ. ಹಣ್ಣಾದ ಎಲೆ ತಾನೇ ಕಳಚಿಕೊಳ್ಳುವಂತೆ ಹಿರಿಯನು ಕುರ್ಚಿಯನ್ನು ತಾನೇ ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಟ್ಟವನಿಗೆ ಸಮಾಜ ಗೌರವ ಕೊಡುತ್ತದೆ. ಇದನ್ನು ಅವರು ವರ್ಷಕ್ಕೆ ಹತ್ತು ಸಲವಾದರೂ, ಹತ್ತು ಊರುಗಳಲ್ಲಿ, ಹತ್ತು ಹಾರ ಹಾಕಿಸಿಕೊಂಡು ಹೇಳುತ್ತಿದ್ದರು. ಹೇಳಿ ಮುಗಿಸಿ ಅದೇ ಕುರ್ಚಿಗೆ ವಾಪಸು ಬಂದು ಕೂರುತ್ತಿದ್ದರು. ಅವರ ನಿವೃತ್ತಿಗೆ ಆಗ ಒಂದು ವರ್ಷವೂ ಇರಲಿಲ್ಲ.

ಪ್ರಬಂಧಕ್ಕಾಗಿ ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಸುತ್ತಿ ಇನ್ನೂರು ಮುದುಕ ಮುದುಕಿಯರನ್ನು ಮಾತಾಡಿಸಬೇಕಾಗಿತ್ತು. ಅದಕ್ಕೆ ನಲವತ್ತೆರಡು ಪ್ರಶ್ನೆಗಳ ಫಾರಂ ಕೊಟ್ಟಿದ್ದರು. ಇಂಗ್ಲಿಷಿನಲ್ಲಿದ್ದುದನ್ನು ಗೈಡೇ ಕನ್ನಡಕ್ಕೆ ತಂದಿದ್ದರು. ‘ತಾವು ಸಾಮಾಜಿಕ ಪಾತ್ರಗಳಿಂದ ವಿಮುಖರಾದುದಕ್ಕೆ ತಮ್ಮ ಮನೋಭಾವವೇನು?’ ಎಂಬ ಪ್ರಶ್ನೆಯನ್ನು ನಾನು ಕಡಲೆಕಾಯಿ ಬಿಡಿಸುತ್ತಿದ್ದ ಒಬ್ಬ ಮುದುಕನಿಗೆ ಓದಿದೆ. ಅವನು, “ಪಾತ್ರೆ ಎಲ್ಲಾ ಸೊಸೆ ಹತ್ರ ಅವೆ, ಕೇಳ್ರಿ” ಎಂದ.

ಹದಿನೇಳನೆಯ ಪ್ರಶ್ನೆಯದೇ ಬೇರೆ ಕಥೆ. ಯಾವಾಗಿನಿಂದ ನೀವು ಮುದುಕರಾದಿರಿ ಅನಿಸಿತು ಎಂದು ಕೇಳಬೇಕಿತ್ತು. ಮುದುಕ ಎಂಬ ಪದ ಗೌರವವಲ್ಲ ಎಂದು ನಮ್ಮ ಗೈಡು ಅದನ್ನು ‘ತಾವು ವಯಸ್ಸಿಗೆ ಬಂದುದು ಯಾವಾಗ?’ ಎಂದು ಮಾಡಿದ್ದರು. ನಮ್ಮ ಕಡೆ ವಯಸ್ಸಿಗೆ ಬಂದಳು ಎಂದರೆ ಏನೆಂದು ಐದನೇ ಕ್ಲಾಸಿನ ಹುಡುಗಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಹಳ್ಳಿಯಲ್ಲೇ ಹುಟ್ಟಿ ಹಳ್ಳಿ ಮರೆತ ಒಬ್ಬ ಪ್ರೊಫೆಸರಿಗೆ. ನನಗೆ ಗೊತ್ತಿತ್ತು, ಆದರೆ ತಿದ್ದಲು ಧೈರ್ಯವಿರಲಿಲ್ಲ. ಧರ್ಮಪುರದ ಹತ್ತಿರ ಒಂದು ಜಗಲಿಯಲ್ಲಿ, ಎಪ್ಪತ್ತು ದಾಟಿದ ಹೆಂಗಸಿಗೆ, ಅವಳ ಮೊಮ್ಮಕ್ಕಳ ಮುಂದೆ ಆ ಪ್ರಶ್ನೆ ಕೇಳಿದೆ. ಆ ಮನೆಯ ಗಂಡಸರು ನನ್ನನ್ನು ಬಸ್ಸಿನವರೆಗೆ ಬಿಟ್ಟುಬಂದರು. ಬಿಟ್ಟುಬಂದ ರೀತಿಯನ್ನು ವಿವರಿಸುವುದಿಲ್ಲ.

ಅದು ತುರ್ತುಪರಿಸ್ಥಿತಿಯ ಕಾಲ ಬೇರೆ. ಚೀಲ ಹಾಕಿಕೊಂಡು ಫಾರಂ ಹಿಡಿದವನು ಊರಿಗೆ ಬಂದರೆ ಸಂತಾನಶಕ್ತಿಹರಣದ ಆಪರೇಷನ್ನಿಗೆ ಜನ ಹಿಡಿಯಲು ಬಂದವನೆಂದು ಗಂಡಸರೆಲ್ಲ ಹೊಲದ ಕಡೆ ನುಸುಳುತ್ತಿದ್ದರು. ಓಡದೆ ಉಳಿಯುತ್ತಿದ್ದವರು ಮುದುಕರು ಮಾತ್ರ. “ನನ್ನ ಕರ್ಕಂಡೋದ್ರೆ ನಿಮ್ ಸರ್ಕಾರಕ್ಕೇ ನಷ್ಟ ಕಣಪ್ಪ” ಎಂದು ಹಿರಿಯೂರಿನ ಆಚೆ ಒಬ್ಬ ಹಲ್ಲಿಲ್ಲದ ಬಾಯಿಯಲ್ಲಿ ನಕ್ಕ. ಹೀಗೆ ನನ್ನ ಸಂಶೋಧನೆಗೆ ಬೇಕಾದವರು ತಾವಾಗಿ ಸಿಗುತ್ತಿದ್ದರು. ಆದರೂ ನಾನು ಮಾತಾಡಿಸಿದ್ದು ಎಂಬತ್ತು ಚಿಲ್ಲರೆ ಜನರನ್ನು. ಉಳಿದ ಫಾರಂಗಳನ್ನು ನಮ್ಮ ಮನೆಯ ಹಿತ್ತಲ ಬೇವಿನ ಮರದ ಕೆಳಗೆ ಕೂತು ನಾನೇ ತುಂಬಿದೆ. ಆ ಇನ್ನೂರರಲ್ಲಿ ಅತ್ಯಂತ ಸುಸಂಬದ್ಧವಾಗಿ ಉತ್ತರ ಕೊಟ್ಟವರು ಹುಟ್ಟದೇ ಇದ್ದ ಆ ಮುದುಕರೇ.

ಬೇಸಿಗೆ ಮುಗಿಯುವ ಹೊತ್ತಿಗೆ ಗೈಡು ನನ್ನನ್ನು ಕೋಣೆಗೆ ಕರೆಸಿಕೊಂಡು ಬಾಗಿಲು ಹಾಕಿದರು. ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು.

“ನಿನ್ನ ಕ್ಷೇತ್ರಕಾರ್ಯ ಹೊಸದುರ್ಗದ ಕಡೆಯೂ ಇದೆಯಲ್ಲ. ನಮ್ಮೂರು ಅಲ್ಲೇ” ಎಂದರು. “ನನ್ನ ಜನ್ಮದಿನಾಂಕ ಶಾಲೆಯ ದಾಖಲೆಯಲ್ಲಿ ತಪ್ಪಾಗಿ ಬಿದ್ದಿದೆ ನೋಡಯ್ಯ. ಮೇಷ್ಟ್ರು ಅಂದಾಜಿನ ಮೇಲೆ ಬರೆದುಬಿಟ್ಟಿದ್ದಾರೆ. ನಿಜವಾಗಿ ನಾನು ಮೂರು ವರ್ಷ ಚಿಕ್ಕವನು.”

ಹೀಗೆ ಆಗುವುದಿಲ್ಲ ಎನ್ನಲು ಬರುವಂತಿರಲಿಲ್ಲ. ಮಗು ತಲೆಯ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟಿದರೆ ಐದು ವರ್ಷವಾಯಿತೆಂದು ಶಾಲೆಗೆ ಸೇರಿಸಿಕೊಳ್ಳುತ್ತಿದ್ದ ಕಾಲ ಅದು. ಉದ್ದ ಕೈಯವನು ಬೇಗ ಹುಟ್ಟುತ್ತಿದ್ದ, ಗಿಡ್ಡ ಕೈಯವನು ತಡವಾಗಿ. ಅಪ್ಪನಿಗೆ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರೇ ಒಂದು ಬರೆಯುತ್ತಿದ್ದರು. ನಮ್ಮ ಹಳ್ಳಿಯ ಶಾಲೆಯ ಪುಸ್ತಕದಲ್ಲಿ ಅರ್ಧ ಊರು ಒಂದೇ ದಿನ ಹುಟ್ಟಿತ್ತು. ಗೈಡು ಹೇಳಿದ್ದನ್ನು ನಾನು ಹಾಗೇ ನಂಬಿದೆ. ನಿವೃತ್ತಿ ಹತ್ತಿರ ಬಂದಾಗ ತಾರೀಖು ತಿದ್ದಲು ನಿಯಮ ಬಿಡುವುದಿಲ್ಲವಂತೆ. ಆದರೆ ನಿಯಮ ನೋಡಿಕೊಳ್ಳುವವರು ಅವರ ಹಳೆಯ ಶಿಷ್ಯರಂತೆ. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಕಾಗದ. ಅವರ ಹೆರಿಗೆ ಮಾಡಿಸಿದ ಸೂಲಗಿತ್ತಿ ಇನ್ನೂ ಬದುಕಿದ್ದಳು. ಅವಳ ಹೇಳಿಕೆ ಟೈಪಾಗಿ ಲಕೋಟೆಯಲ್ಲಿತ್ತು, ಹೆಬ್ಬೆಟ್ಟು ಮಾತ್ರ ಬೀಳಬೇಕಾಗಿತ್ತು.

“ಇದೊಂದು ಆದರೆ ನಿನ್ನ ಪ್ರಬಂಧದ ಚಿಂತೆ ಬಿಡು” ಎಂದರು. ಆಗದಿದ್ದರೆ ಏನು ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೆಬ್ಬೆಟ್ಟು ಬಿದ್ದರೆ ಪ್ರಥಮ ದರ್ಜೆ, ಕಾಲೇಜಿನ ಕೆಲಸ. ಬೀಳದಿದ್ದರೆ ಅಪ್ಪನ ಕುರಿ ಹಿಂಡಿನ ಹಿಂದೆ ಕೋಲು.

ಹೊಸದುರ್ಗದಿಂದ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ಒಂದು ಗಂಟೆ ನಡೆದರೆ ಆ ಊರು. ಸೂಲಗಿತ್ತಿಯ ಮನೆ ಯಾವುದೆಂದು ಕೇಳಿದ ಮೊದಲನೆಯವನೇ ಮನೆ ತೋರಿಸಿ, “ನೀವೂ ಯಾರ್ದೋ ಹುಟ್ಟಿದ ವರ್ಷ ಕೇಳಾಕೆ ಬಂದೀರೇನ್ರಿ?” ಎಂದ. ಆ ಊರಿನಲ್ಲಿ ಅದಕ್ಕೆ ಬೇರೆ ಪುಸ್ತಕವಿರಲಿಲ್ಲ. ಹೆಣ್ಣಿಗಿಂತ ಗಂಡು ದೊಡ್ಡವನೋ ಚಿಕ್ಕವನೋ ಎಂದು ಮದುವೆ ಮಾತಿಗೆ ಮುಂಚೆ ಅವಳನ್ನು ಕೇಳುತ್ತಿದ್ದರು. ಎರಡು ಹೆಂಡಿರ ಮಕ್ಕಳಲ್ಲಿ ಹಿರಿಯ ಯಾರೆಂದು ಜಗಳವಾದರೆ ಅವಳನ್ನು ಕರೆಸುತ್ತಿದ್ದರು. ಅವಳು ಸಂವತ್ಸರದ ಹೆಸರು ಹೇಳಿ, ಮಳೆಯ ಹೆಸರು ಹೇಳಿ, ಎದ್ದು ಬರುತ್ತಿದ್ದಳು. ಆಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಆಸ್ತಿಯಿಲ್ಲ, ಗಂಡನಿಲ್ಲ, ಹೆತ್ತ ಒಬ್ಬಳೇ ಮಗಳು ದೂರದ ಊರಿನಲ್ಲಿ. ಊರಿನಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಮಾತಿನ ಮೇಲೆ ನಿಂತಿತ್ತು.

ಎಪ್ಪತ್ತೈದರ ಆಸುಪಾಸಿನ ಸಣಕಲು ಹೆಂಗಸು. ಬಾಗಿಲಲ್ಲಿ ಕೂತು ಹುಣಸೆಹಣ್ಣು ಜಜ್ಜುತ್ತಿದ್ದಳು.

“ಬಾರಪ್ಪ, ಕುಂತ್ಕ. ಯಾವೂರು?”

ಊರು ಹೇಳಿದೆ. ತಕ್ಷಣ ಲಕೋಟೆ ತೆಗೆದರೆ ಚೆನ್ನಾಗಿರುವುದಿಲ್ಲವೆಂದು ಮೊದಲು ನನ್ನ ಫಾರಂ ತೆಗೆದೆ. ಅಭ್ಯಾಸಬಲದಿಂದ ಒಂದೊಂದೇ ಓದುತ್ತಾ ಹೋದವನು ಹದಿನೇಳನ್ನೂ ಓದಿಬಿಟ್ಟೆ. ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಕೆಮ್ಮು ಬರುವವರೆಗೂ ನಕ್ಕಳು.

“ಊರ ಹೆಣ್ಮಕ್ಳು ಯಾವಾಗ ವಯಸ್ಸಿಗೆ ಬಂದ್ರು ಅಂತ ನಾನು ಹೇಳ್ತೀನಿ. ನನ್ನನ್ನ ಕೇಳಾಕೆ ನೀನೊಬ್ಬ ಹುಟ್ಟಿ ಬರಬೇಕಾತು ನೋಡು. ಯಾರಪ್ಪ ಇದನ್ನ ಬರ್ದೋನು?”

“ನಿಮ್ಮೂರಿನವರೇ ಅಜ್ಜಿ. ದೊಡ್ಡ ಪ್ರೊಫೆಸರು” ಎಂದು ಹೇಳಿ ಗೈಡಿನ ಮನೆತನದ ಗುರುತು ಹೇಳಿದೆ.

ಅವಳ ಮುಖ ಅರಳಿತು. “ತೋಟದ ಮನೆ ಹುಡುಗನಾ? ಅವನು ನಾನು ಕೈ ಹಾಕಿದ ಮೊದಲ್ನೇ ಕೂಸು. ಮದುವೆಯಾಗಿ ಬಂದ ಹೊಸತು, ನಮ್ಮತ್ತೆ ಜೊತೇಲಿ ಹೋಗಿದ್ದೆ. ಅತ್ತೆ ದೀಪ ಹಿಡ್ಕಂಡು ನಿಂತ್ಲು, ನೀನೇ ತಗಿ ಅಂದ್ಲು. ನಳ ಸಂವತ್ಸರ, ಮಾಘ ಮಾಸ. ಹಂಗೆ ಹಿಂಗೆ ಅನ್ನೋ ಹಂಗಿಲ್ಲ.”

ನನ್ನ ಲಕೋಟೆಯ ಕಾಗದದಲ್ಲಿ ಇದ್ದದ್ದು ಸಿದ್ಧಾರ್ಥಿ ಸಂವತ್ಸರ. ನಳ, ಪಿಂಗಳ, ಕಾಳಯುಕ್ತಿ, ಆಮೇಲೆ ಸಿದ್ಧಾರ್ಥಿ. ಬೆರಳು ಮಡಿಸಿ ಎಣಿಸಿದೆ, ಸರಿಯಾಗಿ ಮೂರು ವರ್ಷ. ಶಾಲೆಯ ಮೇಷ್ಟ್ರು ಅಂದಾಜಿನ ಮೇಲೆ ಬರೆದಿರಲಿಲ್ಲ, ನಳದ ತಾರೀಖನ್ನೇ ಬರೆದಿದ್ದರು. ನಮ್ಮ ಕಡೆ ನಿಜವಾದ ತಾರೀಖು ಇದ್ದವನೇ ಅಪರೂಪ, ಆ ಅಪರೂಪದವನಿಗೆ ಅದು ಬೇಡವಾಗಿತ್ತು.

ಕಾಗದ ಬಿಡಿಸಿ ಓದಿದೆ. ‘ಸದರಿಯವರ ಹೆರಿಗೆಯನ್ನು ಸಿದ್ಧಾರ್ಥಿ ನಾಮ ಸಂವತ್ಸರದಲ್ಲಿ ನಾನು ಖುದ್ದು ಮಾಡಿಸಿದ್ದು ನಿಜವಿರುತ್ತದೆ’ ಎಂಬ ಸಾಲನ್ನು ಆದಷ್ಟು ಬೇಗ, ಆದಷ್ಟು ಸಣ್ಣ ದನಿಯಲ್ಲಿ ಓದಿದೆ. ಅವಳ ಕಿವಿ ಚೆನ್ನಾಗಿತ್ತು.

“ಇನ್ನೊಂದ್ಸಲ ಓದು” ಎಂದಳು. ಓದಿದೆ.

“ಅವನಿಗೆ ತಿಳೀದೇನೋ, ತಿಳಿದೋನು ಹಿಂಗೆ ಬರ್ಯಲ್ಲ” ಎಂದು ಸ್ವಲ್ಪ ಹೊತ್ತು ಹುಣಸೆಹಣ್ಣಿನ ಬೀಜ ಆರಿಸಿದಳು. ಆಮೇಲೆ ಹೇಳಿದಳು. ಕಾಳಯುಕ್ತಿಯಲ್ಲಿ ದೊಡ್ಡ ಜ್ವರ ಬಂತು. ದಸರೆ ಕಳೆದ ಹದಿನೈದು ದಿನದಲ್ಲಿ ಮನೆಮನೆಗೆ ಸಾವು, ಹೊರುವುದಕ್ಕೆ ಜನ ಇಲ್ಲ. ತೋಟದ ಮನೆಯ ಸೊಸೆಯೂ ಹೋದಳು. “ನಾನೇ ಹೋಗಿ ನೋಡಿದ್ದು. ಆಯಮ್ಮ ಗೋಡೆ ಕಡೆ ತಿರುಗಿ ಮಲಗಿದ್ಲು. ಕೂಸು ನಡೀತಿತ್ತು ಆಗ. ಮಗ್ಗುಲಾಗೆ ಕುಂತು ಅವ್ವ ಏಳು, ಅವ್ವ ಏಳು ಅಂತ ಜಡೆ ಎಳೀತಿತ್ತು. ನಾನೇ ಎತ್ಕಂಡು ಬಂದೆ. ನಮ್ಮ ಆಡಿನ ಹಾಲು ಕುಡ್ದು ಬೆಳೆದೋನು ಅವನು.”

ಬೀಜ ಆರಿಸುವುದನ್ನು ಬಿಟ್ಟು ನನ್ನ ಕೈಯಲ್ಲಿದ್ದ ಕಾಗದದ ಕಡೆ ಬೆರಳು ತೋರಿಸಿದಳು.

“ಆಯಮ್ಮ ಕಾಳಯುಕ್ತಿಯಾಗೇ ಹೋದ್ಲಲ್ಲಪ್ಪ. ಸಿದ್ಧಾರ್ಥಿಯಾಗೆ ಹುಟ್ಟಿದೆ ಅಂತಾನಲ್ಲ, ಮತ್ತೆ ಯಾರ ಹೊಟ್ಟೇಲಿ ಹುಟ್ಟಿದ?”

ಈ ಪ್ರಶ್ನೆ ನನ್ನ ನಲವತ್ತೆರಡರಲ್ಲಿ ಇರಲಿಲ್ಲ. ಸಂಬಳದ ಮೂರು ವರ್ಷಕ್ಕೋಸ್ಕರ ಒಬ್ಬ ಮನುಷ್ಯ ಹೆತ್ತವಳನ್ನೇ ಲೆಕ್ಕದಿಂದ ಬಿಟ್ಟಿದ್ದಾನೆ ಎಂದು ಆಗ ಹೊಳೆಯಿತು. ಹೊಳೆದ ಮೇಲೂ ನಾನು ಲಕೋಟೆ ಒಳಗಿಡಲಿಲ್ಲ.

“ಅಜ್ಜಿ, ಇದು ಬರೀ ಕಾಗದ. ಯಾರೂ ಓದಲ್ಲ” ಎಂದೆ.

“ಯಾರೂ ಓದ್ದೆ ಇರೋ ಕಾಗದಕ್ಕೆ ನನ್ನ ಹೆಬ್ಬೆಟ್ಟು ಯಾಕಪ್ಪ?”

“ಅವರಿಗೆ ಒಳ್ಳೇದಾಗುತ್ತೆ. ನನಗೂ ಆಗುತ್ತೆ.”

“ಆಗ್ಲಿ. ನನ್ನ ಹೆಬ್ಬೆಟ್ಟು ಬ್ಯಾಡ. ಇವತ್ತು ಇದಕ್ಕೆ ಹಾಕಿದ್ರೆ ನಾಳೆ ನಾನು ಹೇಳಿದ್ದನ್ನ ಈ ಊರಾಗೆ ಯಾರು ನಂಬ್ತಾರೆ? ನನಗಿರೋದು ಅದೊಂದೇ ಐತೆ.” ಹೀಗೆ ಹೇಳಿ, ಒಳಗೆ ಹೋಗಿ, ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. “ಅವನಿಗೆ ಹೇಳು, ಒಂದ್ಸಲ ಬಂದು ಹೋಗು ಅಂತ. ಅವ್ವನ್ನ ಎಲ್ಲಿ ಮಣ್ಣು ಮಾಡಿದ್ರು ಅನ್ನೋದು ಈಗ ನನಗೊಬ್ಬಳಿಗೇ ಗೊತ್ತಿರೋದು.”

ಗೈಡು ಆ ವಾರ ಚಿತ್ರದುರ್ಗದ ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡಿದ್ದರು. ಹಿರಿಯರನ್ನು ಗೌರವಿಸುವುದು ಹೇಗೆಂದು ಅಲ್ಲೊಂದು ಸಭೆಯಲ್ಲಿ ಮಾತಾಡುವುದಿತ್ತು. ನಾನು ಹೋದಾಗ ಉಪ್ಪಿಟ್ಟು ತಿನ್ನುತ್ತಿದ್ದರು. ಸೂಲಗಿತ್ತಿ ಒಪ್ಪಲಿಲ್ಲ ಎಂದೆ. ಯಾಕೆ ಎಂದರು. ಹೇಗೆ ಹೇಳುವುದೆಂದು ತಿಳಿಯದೆ ತಡವರಿಸಿ, “ಸಾರ್, ಸಿದ್ಧಾರ್ಥಿ ಸಂವತ್ಸರದ ಹೊತ್ತಿಗೆ ನಿಮ್ಮ ತಾಯಿಯವರು ಇರಲಿಲ್ಲವಂತೆ. ಅದರ ಹಿಂದಿನ ವರ್ಷ ಜ್ವರದಲ್ಲಿ ಹೋದರಂತೆ” ಎಂದೆ. ಜಡೆ ಎಳೆದದ್ದನ್ನೂ ಹೇಳಿದೆ. ಮಣ್ಣು ಮಾಡಿದ ಜಾಗದ ಮಾತನ್ನೂ ಹೇಳಿದೆ.

ಚಮಚ ತಟ್ಟೆಯ ಮೇಲೆ ನಿಂತಿತು. ಕಿಟಕಿಯ ಕಡೆ ನೋಡಿದರು. ಈ ಮನುಷ್ಯ ಈಗ ಅಳುತ್ತಾನೆ, ನಾನು ಏನು ಮಾಡಲಿ ಎಂದು ನನಗೆ ಗಾಬರಿಯಾಯಿತು. ಅಷ್ಟು ಕಷ್ಟ ಅವರು ನನಗೆ ಕೊಡಲಿಲ್ಲ.

“ಅರ್ಜಿಯಲ್ಲಿ ತಾಯಿಯ ಹೆಸರು ಕೇಳಿಲ್ಲ ಕಣಯ್ಯ. ತಂದೆಯದು ಮಾತ್ರ” ಎಂದರು.

ಉಪ್ಪಿಟ್ಟು ಮುಗಿಸಿ ಕೈ ತೊಳೆದು ಬಂದು ಕೋಟು ಹಾಕಿಕೊಂಡರು. ಬಾಗಿಲಲ್ಲಿ ತಿರುಗಿ, “ಆಕೆಯನ್ನು ಒಪ್ಪಿಸಿ ಬಾ ಅಂತ ನಾನು ಹೇಳಿದೆನೇ? ಹೆಬ್ಬೆಟ್ಟು ಬೇಕು ಅಂದೆ” ಎಂದು ಹೇಳಿ ಸಭೆಗೆ ಹೋದರು.

ಆ ಮನುಷ್ಯನನ್ನು ಕಂಡು ನನಗೆ ಹೇಸಿಗೆಯಾಯಿತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆ ಹೇಸಿಗೆಯನ್ನು ನಾನು ಬಹಳ ದಿನ ನನ್ನ ದೊಡ್ಡ ಗುಣವೆಂದು ಎಣಿಸಿದ್ದೆ. ಹೇಸಿಗೆಪಟ್ಟುಕೊಂಡೇ ಮರುದಿನದ ಬಸ್ಸು ಹತ್ತಿದೆ. ಹೊಸದುರ್ಗದಲ್ಲಿ ಬಸ್ ನಿಲ್ದಾಣದ ಹತ್ತಿರ, ಅರ್ಜಿ ಟೈಪ್ ಹೊಡೆದುಕೊಡುವವನೊಬ್ಬ ಬೇವಿನ ನೆರಳಿನಲ್ಲಿ ಮೇಜು ಹಾಕಿಕೊಂಡಿದ್ದ. ಅವನ ಮೇಜಿನ ಮೇಲೆ ಮಸಿಯ ಡಬ್ಬಿ ಇತ್ತು. ಕಾಗದ ತೋರಿಸಿ, ಅಜ್ಜಿಗೆ ನಡೆಯಲು ಆಗುವುದಿಲ್ಲ, ಹೆಬ್ಬೆಟ್ಟು ಹಾಕಬೇಕಿತ್ತು ಎಂದೆ. ಅವನು ನನ್ನ ಕೈಯನ್ನೇ ನೋಡಿದ.

“ಹೆಬ್ಬೆಟ್ಟಿಗೆ ಗಂಡು ಹೆಣ್ಣು ಅಂತ ಐತೇನ್ರಿ? ಮುದುಕರು ಹುಡುಗರು ಅಂತ ಐತಾ? ಒತ್ರಿ ಅತ್ಲಾಗೆ, ಸಾಕ್ಷಿಗೆ ನಾನು ರುಜು ಹಾಕ್ತೀನಿ.”

ಒತ್ತಿದೆ. ಎಡಗೈ ಹೆಬ್ಬೆಟ್ಟು. ಅವನು ಅದರ ಪಕ್ಕದಲ್ಲಿ ಸೂಲಗಿತ್ತಿಯ ಹೆಸರು ಬರೆದು, ‘ಇವರ ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಸೇರಿಸಿದ. ಎಂಟು ವರ್ಷ ಸ್ಲೇಟು, ಒಂಬತ್ತು ವರ್ಷ ಪೆನ್ನು ಹಿಡಿದು ಕಲಿತವನು ಕಡೆಗೆ ಹೆಬ್ಬೆಟ್ಟು ಒತ್ತಿ ಡಿಗ್ರಿ ತೆಗೆದುಕೊಂಡೆ. ಮೂರು ದಿನ ಮಸಿ ಹೋಗಲಿಲ್ಲ. ಅಮ್ಮ ಏನದು ಎಂದರೆ ಪೆನ್ನು ಸೋರಿತು ಎಂದೆ.

ಪ್ರಬಂಧ ಬರೆಯುವಾಗ ಗೈಡು ಬಹಳ ಪ್ರೀತಿಯಿಂದ ನಡೆದುಕೊಂಡರು. ವೃದ್ಧರ ಜ್ಞಾಪಕಶಕ್ತಿಯ ಬಗ್ಗೆ ಒಂದು ಅಧ್ಯಾಯ ಕಡಿಮೆಯಾಯಿತು, ಸೇರಿಸು ಎಂದರು; ಮನಶ್ಶಾಸ್ತ್ರದವರಿಂದ ಪುಸ್ತಕ ಕೊಡಿಸಿದರು. ಓದುಬರಹವಿಲ್ಲದ ವೃದ್ಧರು ಹಳೆಯದನ್ನು ನೆನಪಿಟ್ಟುಕೊಂಡರೂ ಇತ್ತೀಚೆಗೆ ತಾವೇ ಮಾಡಿದ ಕೆಲಸವನ್ನು ಮರೆಯುವುದು ಈ ಭಾಗದಲ್ಲಿ ಸಾಮಾನ್ಯವಾಗಿ ಕಂಡುಬಂದಿದೆ ಎಂದು ಬರೆದೆ. ಎಲ್ಲಿ ಕಂಡುಬಂತು ಎಂದರೆ ಬೇವಿನ ಮರದ ಕೆಳಗಿನ ಫಾರಂಗಳಲ್ಲಿ. ಆ ಪುಟದ ಇನ್ನೊಂದು ಪ್ರತಿ ಟೈಪ್ ಮಾಡಿಸಿಕೊಡು ಎಂದರು, ಕೊಟ್ಟೆ. ಯಾಕೆಂದು ಕೇಳಲಿಲ್ಲ. ಪ್ರಥಮ ದರ್ಜೆ ಬಂತು. ಆ ವರ್ಷ ಮುಗಿಯುವುದರೊಳಗೆ ಹಿರಿಯೂರಿನ ಕಡೆ ಒಂದು ಕಾಲೇಜಿನಲ್ಲಿ ಉಪನ್ಯಾಸಕನಾದೆ. ಗೈಡಿಗೂ ಮೂರು ವರ್ಷ ಸಿಕ್ಕಿತು ಎಂದು ಯಾರೋ ಹೇಳಿದರು. ಸಿದ್ಧಾರ್ಥಿ ಎಂದರೆ ಬಯಸಿದ್ದು ಕೈಗೂಡಿದವನು ಎಂದರ್ಥ. ಸಂವತ್ಸರದ ಹೆಸರಿಗೆ ಮೋಸವಾಗಲಿಲ್ಲ.

ಮುಂದಿನ ವರ್ಷ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಹೊಸದುರ್ಗಕ್ಕೆ ಹಾಕಿದರು. ಒಂದು ದಿನ ಕೆಲಸ ಬೆಳಗ್ಗೆಯೇ ಮುಗಿಯಿತು. ಆ ಊರಿಗೆ ಹೋಗಿಬರೋಣ ಅನಿಸಿತು. ಆತ್ಮಸಾಕ್ಷಿ ಕುಟುಕಿತು ಎಂದು ಬರೆದರೆ ಓದಲು ಚೆಂದ, ಆದರೆ ಹಾಗೇನಿಲ್ಲ. ಹೊಸ ಪ್ಯಾಂಟು ಹಾಕಿದ್ದೆ, ಕೈಯಲ್ಲಿ ಗಡಿಯಾರವಿತ್ತು. ಉಪನ್ಯಾಸಕನಾದದ್ದನ್ನು ತೋರಿಸಿಕೊಳ್ಳಲು ಜನ ಬೇಕಾಗಿತ್ತು.

ಊರ ಬಾಯಲ್ಲಿ ಅರಳಿಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಸೂಲಗಿತ್ತಿ ಅಜ್ಜಿ ಮನೆಯಲ್ಲಿದ್ದಾರಾ ಎಂದೆ.

“ಅವಳ ಹತ್ರ ಏನು ಕೆಲ್ಸ್ರಿ? ಅವಳಿಗೆ ಅರಳುಮರಳು” ಎಂದ ಒಬ್ಬ.

ಹೇಳಿದವನಿಗೇ ಬೇಸರವಿದ್ದಂತಿತ್ತು. ಅವನು ಹೇಳಿದ್ದು ಇಷ್ಟು. ಮಳೆಗಾಲದಲ್ಲಿ ವಿಶ್ವವಿದ್ಯಾನಿಲಯದ ಕಡೆಯಿಂದ ಒಬ್ಬ ವಿಚಾರಣೆಗೆ ಬಂದಿದ್ದ. ಇದೇ ಕಟ್ಟೆಯ ಮೇಲೆ ಊರವರನ್ನು ಕೂರಿಸಿ ಸೂಲಗಿತ್ತಿಯ ಹೇಳಿಕೆ ಓದಿದ. ಅಜ್ಜಿ ಅದು ನನ್ನದಲ್ಲ ಎಂದಳು. ಇದು ನಿನ್ನ ಹೆಸರಲ್ಲವೇ, ಸಾಕ್ಷಿಯ ರುಜು ಇದೆಯಲ್ಲ ಎಂದು ಅವನು ಕಾಗದ ತೋರಿಸಿದ. ಅವಳು ಮತ್ತೆ ಅಲ್ಲವೆಂದಳು. ಆಗ ಅವನು ಚೀಲದಿಂದ ಇನ್ನೊಂದು ಕಾಗದ ತೆಗೆದ. ಇಂಥ ವಯಸ್ಸಿನವರು ತಾವು ಈಚೆಗೆ ಮಾಡಿದ್ದನ್ನೇ ಮರೆಯುತ್ತಾರೆ, ಓದಿದವರು ಇದೇ ಜಿಲ್ಲೆಯಲ್ಲಿ ಪರೀಕ್ಷೆ ಮಾಡಿ ಬರೆದಿದ್ದಾರೆ ಎಂದು ಓದಿ ಹೇಳಿದ. ಹಾಗಿದ್ದರೆ ಹಳೆಯದು ನೆನಪಿರಬೇಕಲ್ಲ, ನಳ ಸಂವತ್ಸರ ಅನ್ನುತ್ತಿದ್ದಾಳಲ್ಲ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ಯಾರೋ ಅಂದರು, ಅದು ನಿಂತಿತು. ಅದಾದ ಮೇಲೆ ಒಂದು ಮದುವೆ ಮಾತಿಗೆ ಅವಳು ಹೇಳಿದ ವರ್ಷವನ್ನು ಗಂಡಿನ ಕಡೆಯವರು ಒಪ್ಪಲಿಲ್ಲ. ಈಗ ಯಾರೂ ಕೇಳಲು ಹೋಗುವುದಿಲ್ಲ.

ಅಲ್ಲಿಂದಲೇ ವಾಪಸು ಬರಬಹುದಿತ್ತು. ಆದರೆ ಅವಳೇ ಬಿಂದಿಗೆ ಹಿಡಿದು ಆ ದಾರಿಯಲ್ಲಿ ಬಂದಳು. ನನ್ನ ಗುರುತು ಹಿಡಿದು ಬಿಂದಿಗೆ ಕೆಳಗಿಟ್ಟಳು.

“ಬಂದ್ಯಾ ತಮ್ಮಾ. ನೀನು ಬರ್ತೀಯ ಅಂತ ದಾರಿ ನೋಡ್ತಿದ್ದೆ” ಎಂದಳು. ಕಟ್ಟೆಯ ಮೇಲಿನವರಿಗೆ ಕೇಳುವಂತೆ, “ಅವತ್ತು ಕಾಗದ ತಂದಿದ್ದೋನು ಇವನೇ. ಇವನನ್ನೇ ಕೇಳ್ರಿ” ಎಂದಳು. ನಾಲ್ವರೂ ನನ್ನ ಕಡೆ ತಿರುಗಿದರು.

ನಾನು ಕೈಗಡಿಯಾರ ನೋಡಿಕೊಂಡೆ. ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದ ಮೇಲೆ, ಹಾಗಾದರೆ ಆ ಹೆಬ್ಬೆಟ್ಟು ಯಾರದು ಎಂದು ಅವರು ಕೇಳುತ್ತಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಅವಳು ಇನ್ನೂ ಹತ್ತಿರ ಬಂದಳು. ದನಿ ತಗ್ಗಿಸಿದಳು. ಈಗ ಕೇಳಿದ್ದು ಅವರಿಗಾಗಿ ಅಲ್ಲ, ತನಗಾಗಿಯೇ ಕೇಳಿದಳು.

“ಎಲ್ಲಾರೂ ಹಾಕಿದ್ದೀಯ ಹಾಕಿದ್ದೀಯ ಅಂದು ಅಂದು, ಒಂದೊಂದ್ಸಲ ನನಗೇ ಅನುಮಾನ ಬರ್ತೈತಪ್ಪ. ಕಾಗದ ನೋಡಿದ್ದು ನೆನಪೈತೆ. ಮಜ್ಜಿಗೆ ಕೊಟ್ಟಿದ್ದು ನೆನಪೈತೆ. ನೀನಿದ್ಯಲ್ಲ ಅವತ್ತು. ನಾನೇನಾದ್ರೂ ಹಾಕಿದ್ನಾ?”

“ನನಗೆ ನೆನಪಿಲ್ಲ ಅಜ್ಜಿ” ಎಂದೆ.

ನನಗಾಗ ಇಪ್ಪತ್ತೈದು ವರ್ಷ.